ಒಂದೇ ಗಳದ ತೊಟ್ಟಿಲುಗಳು

ಕಲಘಟಗಿ ಸೀಮೆಯ ಒಂದು ಮನೆಯಲ್ಲಿ ಅವಳಿ ಕೂಸುಗಳಿಗೆ ಹೆಸರಿಡುವ ಹಿಂದಿನ ದಿನ. ಪಡಸಾಲೆಯಲ್ಲಿ ಎರಡು ತೊಟ್ಟಿಲು ಇಳಿಸಿದ್ದರು. ಒಂದರಲ್ಲಿ ಆ ಮನೆಯ ಮೂರು ತಲೆಮಾರು ಮಲಗಿ ಎದ್ದಿವೆ, ಅರಗಿನ ಹೊಳಪು ಇನ್ನೂ ಮಾಸಿಲ್ಲ. ಇನ್ನೊಂದು ತವರಿನಿಂದ ಹೊಸದಾಗಿ ಬಂದದ್ದು. ಎರಡರ ಮೈತುಂಬ ಕೃಷ್ಣನ ಬಾಲಲೀಲೆ, ರಾಮಾಯಣದ ಪಾತ್ರಗಳು. ಕಲಘಟಗಿಯ ಹೆಸರು ಗೊತ್ತಿಲ್ಲದವರಿಗೂ ಈ ಬಣ್ಣದ ತೊಟ್ಟಿಲು ಗೊತ್ತಿರುತ್ತದೆ. ಮನೆಯ ಹುಡುಗನೊಬ್ಬ ಪಡಸಾಲೆಗೆ ಅಡ್ಡಲಾಗಿ ಒಂದು ಬಿದಿರ ಗಳ ಹಾಕಿ ಎರಡನ್ನೂ ಅದಕ್ಕೇ ಕಟ್ಟಹೊರಟ. ಮೂಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅಜ್ಜಿ ತಲೆ ಎತ್ತದೆಯೇ ಅಂದಳು: "ಏ ತಮ್ಮಾ, ಎರಡೂ ಒಂದ ಗಳಕ್ಕ ಕಟ್ಟಬ್ಯಾಡೋ. ಒಂದು ತೂಗಿದ್ರ ಇನ್ನೊಂದು ತಾನ ತೂಗತೈತಿ. ಮಲಗಿದ್ದ ಕೂಸು ಎದ್ದು ಅಳಾಕ ಹತ್ತತೈತಿ."

"ಬ್ಯಾರೆ ಜಾಗಾ ಎಲ್ಲೈತಿ ಆಯಿ?"

"ಇಲ್ಲಾಂದ್ರ ಒಂದರ ಹಗ್ಗ ಒಂದು ಗೇಣು ಕಡಿಮಿ ಮಾಡು."

ಹುಡುಗ ಗೇಣು ಕಡಿಮೆ ಮಾಡಿದ. ಎರಡನೆಯ ತೊಟ್ಟಿಲು ತಾನಾಗಿ ತೂಗುವುದು ಬಹುಪಾಲು ನಿಂತಿತು. ಉಪ್ಪು ಯಾಕೆ ಬೆಳ್ಳಗಿದೆ, ತಾಮ್ರದಲ್ಲಿ ಕರೆಂಟು ಯಾಕೆ ಹರಿಯುತ್ತದೆ, ಹೊಲದ ಬೇಲಿಯ ಮೇಲಿನ ಸೋಲಾರ್ ಹಲಗೆ ಬಿಸಿಲನ್ನು ಹೇಗೆ ಹಿಡಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ನಾನು ಮತ್ತೆ ಮತ್ತೆ ಆ ಗಳದ ಕೆಳಗೇ ಬಂದು ನಿಲ್ಲುತ್ತೇನೆ.

ನೀವೂ ಮಾಡಿ ನೋಡಬಹುದು. ಎರಡು ಕುರ್ಚಿಗಳ ನಡುವೆ ಒಂದು ದಾರವನ್ನು ತುಸು ಸಡಿಲವಾಗಿ ಕಟ್ಟಿ. ಅದಕ್ಕೆ ಸಮ ಉದ್ದದ ದಾರದಲ್ಲಿ ಎರಡು ಸಣ್ಣ ಬೀಗ ತೂಗುಬಿಡಿ. ಒಂದನ್ನು ನಿಮ್ಮ ಕಡೆಗೆ ಎಳೆದು ಬಿಡಿ. ಸ್ವಲ್ಪ ಹೊತ್ತಿಗೆ ಅದರ ತೂಗಾಟ ಸೊರಗಿ ಪಕ್ಕದ್ದು ತೂಗತೊಡಗುತ್ತದೆ. ಆಮೇಲೆ ಅದೂ ಸೊರಗಿ ಮೊದಲನೆಯದಕ್ಕೇ ಜೀವ ಬರುತ್ತದೆ. ಕೊಟ್ಟು ತೆಗೆದುಕೊಳ್ಳುವ ಈ ವ್ಯವಹಾರ ನಡೆಯದೆ ಸ್ಥಿರವಾಗಿ ತೂಗುವ ಬಗೆಗಳು ಎರಡೇ ಎರಡು. ಎರಡನ್ನೂ ಒಂದೇ ಕಡೆಗೆ ಎಳೆದು ಒಟ್ಟಿಗೆ ಬಿಟ್ಟರೆ ಎರಡೂ ಜೊತೆಯಾಗಿ ತೂಗುತ್ತವೆ. ಮೇಲಿನ ದಾರವೂ ಅವುಗಳ ಜೊತೆ ಬಾಗುವುದರಿಂದ ತುಸು ನಿಧಾನ. ಒಂದನ್ನು ಆಚೆ, ಒಂದನ್ನು ಈಚೆ ಎಳೆದು ಬಿಟ್ಟರೆ ಎದುರುಬದುರಾಗಿ ತೂಗುತ್ತವೆ. ಇದು ತುಸು ಚುರುಕು. ಎರಡು ಮೀಟರ್ ಹಗ್ಗದ ತೊಟ್ಟಿಲು ಒಂಟಿಯಾಗಿದ್ದಾಗ ಹೋಗಿ ಬರಲು ಸುಮಾರು 2.8 ಸೆಕೆಂಡು ಬೇಕು, ಒಳಗಿನ ಕೂಸು ದಪ್ಪಗಿರಲಿ ಸಣಕಲಿರಲಿ. ಜೋಡಿಯಾದ ಕೂಡಲೇ ಆ ಒಂದು ಲಯ ಒಡೆದು ಎರಡಾಗುತ್ತದೆ.

ಮೂರು ತೊಟ್ಟಿಲು ಕಟ್ಟಿದರೆ ಮೂರು ಲಯ, ನೂರಕ್ಕೆ ನೂರು. ಆದರೆ ತೊಟ್ಟಿಲು ಹೆಚ್ಚಿದಷ್ಟೂ ಲಯಗಳ ಹರವು ಅಗಲವಾಗುತ್ತ ಹೋಗುವುದಿಲ್ಲ. ಎಲ್ಲವೂ ಜೊತೆಯಾಗಿ ತೂಗುವುದು ಒಂದು ಅಂಚು, ಪಕ್ಕಪಕ್ಕದವು ಎದುರುಬದುರಾಗಿ ತೂಗುವುದು ಇನ್ನೊಂದು ಅಂಚು. ಉಳಿದೆಲ್ಲ ಲಯಗಳೂ ಈ ಎರಡರ ನಡುವೆಯೇ ತುಂಬಿಕೊಳ್ಳಬೇಕು. ತೊಟ್ಟಿಲುಗಳು ಲಕ್ಷ, ಕೋಟಿ ಆದಾಗ ಲಯಗಳು ಬಿಡಿಬಿಡಿಯಾಗಿ ಕಾಣದೆ ಒಂದು ಪಟ್ಟಿಯಾಗುತ್ತವೆ. ಪಟ್ಟಿಯ ಅಗಲವನ್ನು ನಿರ್ಧರಿಸುವುದು ತೊಟ್ಟಿಲುಗಳ ಎಣಿಕೆಯಲ್ಲ, ನೆರೆಯ ತೊಟ್ಟಿಲಿನ ಜೊತೆಗಿನ ನಂಟಿನ ಬಿಗಿ. ಈ ಒಂದು ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಇನ್ನು ಸಾಲಿನ ವಿಷಯ. ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಹೋಗುವ ಬಸ್ಸಿನಲ್ಲಿ ಕಲಘಟಗಿ ದಾಟಿದ ಮೇಲೆ ಕಿಟಕಿಯ ಪಕ್ಕ ಕುಳಿತು ನೋಡಿ. ಕೂರಿಗೆಯಲ್ಲಿ ಬಿತ್ತಿದ ಗೋವಿನಜೋಳದ ಹೊಲ ಬಂದರೆ ಒಂದೇ ದಿಕ್ಕಿನಲ್ಲಿ ಓಣಿಗಳು ಪಟಪಟ ತೆರೆದು ಮುಚ್ಚುತ್ತವೆ. ಸಾಲಿನೊಳಗೆ ಕಾಳು ಬಿದ್ದಲ್ಲಿ ಬಿದ್ದಿರುತ್ತದೆ, ಸಾಲಿನಿಂದ ಸಾಲಿಗೆ ಮಾತ್ರ ಅಳತೆ ಇರುತ್ತದೆ. ಮುಂದೆ ಕಾಡಿನ ಕಡೆ ಚೌಕ ಹಿಡಿದು ನೆಟ್ಟ ಸಾಗವಾನಿ ತೋಪು ಬಂದಾಗ ನೋಟವೇ ಬೇರೆ. ನೇರ ಓಣಿಗಳ ಜೊತೆಗೆ ಓರೆ ಓಣಿಗಳೂ ತೆರೆಯುತ್ತವೆ, ಆಮೇಲೆ ಇನ್ನೂ ಓರೆಯಾದ, ಇನ್ನೂ ಕಿರಿದಾದ ಓಣಿಗಳು. ನೆಟ್ಟವನು ಓರೆ ಓಣಿಗಳನ್ನು ಲೆಕ್ಕ ಹಾಕಿರಲಿಲ್ಲ. ಎರಡು ದಿಕ್ಕಿನ ಅಳತೆ ಸರಿಯಿದ್ದರೆ ಉಳಿದ ದಿಕ್ಕುಗಳು ತಾವಾಗಿ ಬರುತ್ತವೆ.

ಸ್ಫಟಿಕವೆಂದರೆ ಮೂರು ದಿಕ್ಕಿಗೂ ಹೀಗೆ ಅಳತೆ ಹಿಡಿದು ನೆಟ್ಟ ಪರಮಾಣುಗಳ ತೋಪು. ಅಂಗಳದಲ್ಲಿ ರಂಗೋಲಿ ಹಾಕುವವರು ಮೊದಲು ಚುಕ್ಕಿ ಇಡುತ್ತಾರಲ್ಲ, ಆ ಚುಕ್ಕಿಗಳ ವ್ಯವಸ್ಥೆಗೆ ಭೌತವಿಜ್ಞಾನದಲ್ಲಿ ಜಾಲಕ ಎಂದು ಹೆಸರು. ಚುಕ್ಕಿಯ ಮೇಲೆ ಒಂದು ಪರಮಾಣು ಕೂರಬಹುದು, ಎರಡು ಕೂರಬಹುದು, ದೊಡ್ಡ ಗುಂಪೇ ಕೂರಬಹುದು. ಮೂರು ಆಯಾಮದಲ್ಲಿ ಚುಕ್ಕಿ ಇಡುವ ಮೂಲ ಬಗೆಗಳು 14 ಮಾತ್ರ. ಅಷ್ಟರಲ್ಲೇ ವಜ್ರ, ಉಪ್ಪು, ಬೆಲ್ಲದ ಮೇಲೆ ಕಟ್ಟುವ ಸಕ್ಕರೆ ಹರಳು ಎಲ್ಲ ಮುಗಿಯಬೇಕು.

ಈ ತೋಪಿನ ಓಣಿಗಳನ್ನು ಮೊದಲು ಕಂಡದ್ದು 1912ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಮಾಕ್ಸ್ ಫಾನ್ ಲೌವೆಯ ಸಲಹೆಯಂತೆ ಫ್ರೀಡ್ರಿಶ್ ಮತ್ತು ಕ್ನಿಪಿಂಗ್ ಒಂದು ಹರಳಿನ ಮೂಲಕ ಎಕ್ಸ್ ಕಿರಣ ಹಾಯಿಸಿದರು. ಆ ಹರಳು ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವ ಮೈಲುತುತ್ತ! ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವ ಅದೇ ನೀಲಿ ಹರಳು. ಹಿಂದಿಟ್ಟ ಫೋಟೋ ಫಲಕದ ಮೇಲೆ ಚುಕ್ಕಿಗಳು ಮೂಡಿದವು. ಅದೇ ವರ್ಷ 22ರ ಹರೆಯದ ಲಾರೆನ್ಸ್ ಬ್ರಾಗ್ ಆ ಚುಕ್ಕಿಗಳನ್ನು ಓದುವ ಸರಳ ಸೂತ್ರ ಕೊಟ್ಟ: ಸಾಲುಗಳ ನಡುವಿನ ಅಂತರವೂ ಕಿರಣದ ಅಲೆಯುದ್ದವೂ ತಾಳೆಯಾಗುವ ಕೋನದಲ್ಲಿ ಮಾತ್ರ ಅಲೆ ಜೋರಾಗಿ ಪುಟಿಯುತ್ತದೆ. 1913ರಲ್ಲಿ ಅಡುಗೆ ಉಪ್ಪಿನ ರಚನೆ ಸಿಕ್ಕಿತು. 25ನೆಯ ವಯಸ್ಸಿಗೆ ನೊಬೆಲ್.

ಆ ಉಪ್ಪಿನ ಲೆಕ್ಕ ರುಚಿಕರವಾಗಿದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಸಮುದ್ರದ ನೀರು ಇಂಗಿ ಹರಳಾಗುವ ಉಪ್ಪನ್ನು ಭೂತಗನ್ನಡಿಯಲ್ಲಿ ನೋಡಿ, ಘನಾಕಾರದ ಮೂಲೆಗಳು ಕಾಣುತ್ತವೆ. ಸೋಡಿಯಂ, ಕ್ಲೋರಿನ್, ಸೋಡಿಯಂ, ಕ್ಲೋರಿನ್ ಎಂದು ಎಲ್ಲ ದಿಕ್ಕಿಗೂ ಸರದಿಯಾಗಿ ಕೂತಿವೆ. ಒಂದರಿಂದ ಇನ್ನೊಂದಕ್ಕೆ 0.28 ನ್ಯಾನೋಮೀಟರ್. ಮೂರನೇ ಒಂದು ಮಿಲಿಮೀಟರಿನಷ್ಟು ಸಣ್ಣ ಕಣದ ಒಂದು ಅಂಚಿನಲ್ಲೇ 10 ಲಕ್ಷಕ್ಕೂ ಹೆಚ್ಚು. ಒಟ್ಟು ಕಣಕ್ಕೆ 10 ಲಕ್ಷವನ್ನು ಮೂರು ಸಲ ಇಟ್ಟು ಗುಣಿಸಿ. ನಾಲಿಗೆಯ ಮೇಲೆ ಒಂದು ಕ್ಷಣ ಇದ್ದು ಕರಗುವ ತೋಪು ಅದು.

ಇಷ್ಟು ದೊಡ್ಡ ಸಾಲಿನಲ್ಲಿ ಎಷ್ಟು ಲಯಗಳಿವೆ? ಈ ಪ್ರಶ್ನೆಯ ಮೇಲೆ ಕರ್ನಾಟಕದ ನೆಲದಲ್ಲಿ ಒಂದು ದೊಡ್ಡ ಜಗಳವೇ ನಡೆದಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1933ರಲ್ಲಿ ಸಿ.ವಿ. ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಹಿಟ್ಲರನ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡಿದ್ದ ಮಾಕ್ಸ್ ಬಾರ್ನ್‌ರನ್ನು ಅವರೇ ಕರೆಸಿದರು. 1935-36ರ ಚಳಿಗಾಲವನ್ನು ಬಾರ್ನ್ ದಂಪತಿ ಬೆಂಗಳೂರಿನಲ್ಲಿ ಕಳೆದರು. ಅವರನ್ನು ಇಲ್ಲಿಯೇ ಕಾಯಂ ಪ್ರಾಧ್ಯಾಪಕರಾಗಿ ಉಳಿಸಿಕೊಳ್ಳಬೇಕೆಂಬ ರಾಮನ್‌ರ ಆಸೆ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಇವರು ಒಬ್ಬರನ್ನೊಬ್ಬರು ಗೌರವಿಸುತ್ತಿದ್ದ ಸ್ನೇಹಿತರು. ಅವರ ನಡುವೆ ಮನಸ್ತಾಪ ತಂದದ್ದು ಹರಳುಗಳೊಳಗಿನ ಪರಮಾಣುಗಳ ತೂಗಾಟ.

ಬಾರ್ನ್ ಮತ್ತು ಫಾನ್ ಕಾರ್ಮಾನ್ 1912ರಲ್ಲೇ ಬರೆದಿದ್ದ ಸಿದ್ಧಾಂತ ನಮ್ಮ ತೊಟ್ಟಿಲಿನ ಸಾಲಿನ ಲೆಕ್ಕವೇ. ಮೂರು ದಿಕ್ಕಿನಲ್ಲಿ ಒಂದೊಂದು ದಿಕ್ಕಿಗೂ ಪರಮಾಣುಗಳು ಎಷ್ಟೋ ಲಯಗಳೂ ಅಷ್ಟು, ಸೇರಿ ಅಖಂಡವಾದ ಪಟ್ಟಿ. ರಾಮನ್ ಒಪ್ಪಲಿಲ್ಲ. ಹರಳಿನಲ್ಲಿ ನಿಜವಾಗಿ ನಡೆಯುವುದು ಬೆರಳೆಣಿಕೆಯ ಲಯಗಳು ಮಾತ್ರ ಎಂದರು. ಅಕ್ಕಪಕ್ಕದ ಚುಕ್ಕಿಗಳ ಮೇಲಿನ ಸಮಾನ ಪರಮಾಣುಗಳು ಒಂದೋ ಜೊತೆಯಾಗಿ ತೂಗಬೇಕು, ಇಲ್ಲವೇ ಎದುರುಬದುರಾಗಿ ತೂಗಬೇಕು. ಉಳಿದದ್ದೆಲ್ಲ ಗಣಿತದ ಕಲ್ಪನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪಟ್ಟಿಯ ಎರಡು ಅಂಚುಗಳನ್ನು ರಾಮನ್ ಒಪ್ಪಿದರು, ನಡುವಿನದನ್ನು ಒಪ್ಪಲಿಲ್ಲ.

ಅದು ಬರೀ ಹಟವಾಗಿರಲಿಲ್ಲ, ಕೈಯಲ್ಲಿ ಸಾಕ್ಷಿ ಇತ್ತು. ರಾಮನ್ ನೂರಾರು ವಜ್ರಗಳನ್ನು ಕೂಡಿಹಾಕಿ ಬೆಳಕಿಗೆ ಹಿಡಿದು ನೋಡಿದವರು. 1940ರ ದಶಕದಲ್ಲಿ ಇದೇ ಸಂಸ್ಥೆಯ ಆರ್.ಎಸ್. ಕೃಷ್ಣನ್ ಪಾದರಸ ದೀಪದ ನೇರಳಾತೀತ ಬೆಳಕಿನಲ್ಲಿ ವಜ್ರದ ರೋಹಿತ ತೆಗೆದಾಗ ಅದರಲ್ಲಿ ಚೂಪಾದ ಶಿಖರಗಳು ಮೂಡಿದವು. ಅಖಂಡ ಪಟ್ಟಿಯಿದ್ದರೆ ಮಸುಕಾದ ಹರವು ಕಾಣಬೇಕಲ್ಲ, ಚೂಪು ಎಲ್ಲಿಂದ ಬಂತು? ರಾಮನ್‌ರ ಪ್ರಶ್ನೆ ನ್ಯಾಯವಾದದ್ದು. ಉತ್ತರ ಆಮೇಲೆ ಸ್ಪಷ್ಟವಾಯಿತು: ಪಟ್ಟಿಯಲ್ಲಿ ಲಯಗಳು ಸಮನಾಗಿ ಹಂಚಿಕೊಂಡಿಲ್ಲ. ಅಂಚುಗಳಲ್ಲಿ, ಇನ್ನು ಕೆಲವು ತಿರುವುಗಳಲ್ಲಿ ದಟ್ಟವಾಗಿ ಗುಂಪುಗೂಡುತ್ತವೆ. ಆ ಗುಂಪುಗಳೇ ಚೂಪು ಶಿಖರಗಳು. ನ್ಯೂಟ್ರಾನ್‌ಗಳನ್ನು ಹರಳಿಗೆ ಹಾಯಿಸಿ ಒಂದೊಂದು ಲಯವನ್ನೂ ಬಿಡಿಸಿ ಅಳೆಯುವ ವಿಧಾನವನ್ನು 1950ರ ದಶಕದಲ್ಲಿ ಕೆನಡಾದ ಬ್ರಾಕ್‌ಹೌಸ್ ರೂಢಿಸಿದ. 1960ರ ದಶಕದಲ್ಲಿ ವಜ್ರವನ್ನೂ ಹಾಗೆ ಅಳೆದರು. ನಡುವಿನ ಲಯಗಳೆಲ್ಲ ಇದ್ದವು. ಬಾರ್ನ್ ಹೇಳಿದ್ದು ಸರಿ. ರಾಮನ್ ಕೊನೆಯವರೆಗೂ ಒಪ್ಪಲಿಲ್ಲ. ನನಗೆ ಈ ಸೋಲಿನ ಬಗ್ಗೆ ಬೇಸರವಿಲ್ಲ. ರಾಮನ್‌ರ ಗೆಲುವುಗಳನ್ನು ಮಾತ್ರ ಶಾಲೆಯಲ್ಲಿ ಹೇಳಿಕೊಟ್ಟು, ಬೆಂಗಳೂರಿನಲ್ಲಿ ಹುಟ್ಟಿದ ಇಂಥ ಒಳ್ಳೆಯ ತಪ್ಪನ್ನು ಬಚ್ಚಿಡುವುದರ ಬಗ್ಗೆ ಬೇಸರವಿದೆ.

ಪರಮಾಣುಗಳ ತೂಗಾಟದಿಂದ ಎಲೆಕ್ಟ್ರಾನಿಗೆ ಬರೋಣ. ಒಂಟಿ ಪರಮಾಣುವಿನಲ್ಲಿ ಎಲೆಕ್ಟ್ರಾನು ಮನಬಂದ ಶಕ್ತಿಯಲ್ಲಿ ಇರಲಾರದು. ಒಂಟಿ ತೊಟ್ಟಿಲಿಗೆ ಒಂದು ಲಯ ಇರುವಂತೆ ಅದಕ್ಕೆ ಗೊತ್ತುಪಡಿಸಿದ ಮಟ್ಟಗಳಿವೆ. ಎಲೆಕ್ಟ್ರಾನೂ ಒಂದು ಅಲೆಯೇ ಆದ್ದರಿಂದ ಈ ಹೋಲಿಕೆ ಬರೀ ಅಲಂಕಾರವಲ್ಲ, ಗಣಿತವೂ ಬಹುಮಟ್ಟಿಗೆ ಅದೇ. ಎರಡು ಪರಮಾಣು ಹತ್ತಿರ ಬಂದರೆ ಮಟ್ಟ ಒಡೆದು ಎರಡಾಗುತ್ತದೆ, ಕೋಟಿ ಕೋಟಿ ಬಂದರೆ ಶಕ್ತಿಯ ಪಟ್ಟಿಯಾಗುತ್ತದೆ. ಒಂದು ಪರಮಾಣುವಿನಲ್ಲಿ ಹಲವು ಮಟ್ಟಗಳಿರುವುದರಿಂದ ಹಲವು ಪಟ್ಟಿಗಳು. ಪಟ್ಟಿಗಳ ನಡುವೆ ಎಲೆಕ್ಟ್ರಾನಿಗೆ ಕಾಲಿಡಲು ಜಾಗವೇ ಇಲ್ಲದ ಬರಿದು ಪ್ರದೇಶ ಉಳಿಯಬಹುದು. ಅದನ್ನು ನಾನು ಕಂದರ ಎನ್ನುತ್ತೇನೆ. ಪಠ್ಯಪುಸ್ತಕಗಳು ನಿಷಿದ್ಧ ಅಂತರ ಎನ್ನುತ್ತವೆ.

1928ರಲ್ಲಿ ಲೈಪ್ಜಿಗ್‌ನಲ್ಲಿ ಹೈಸನ್‌ಬರ್ಗ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಫೆಲಿಕ್ಸ್ ಬ್ಲಾಕ್‌ಗೆ 22-23 ವರ್ಷ. ಆಗಿನ ದೊಡ್ಡ ಒಗಟು ಏನೆಂದರೆ, ತಾಮ್ರದೊಳಗೆ ಪರಮಾಣುಗಳು ಒತ್ತೊತ್ತಾಗಿ ಕೂತಿದ್ದರೂ ಎಲೆಕ್ಟ್ರಾನು ಅವುಗಳ ನಡುವೆ ಅಷ್ಟು ದೂರ ಹೇಗೆ ಓಡುತ್ತದೆ? ಬ್ಲಾಕ್ ಲೆಕ್ಕ ಹಾಕಿ ನೋಡಿದಾಗ ಉತ್ತರ ವಿಚಿತ್ರವಾಗಿತ್ತು. ಜಾಲಕ ಪೂರ್ತಿ ಕ್ರಮಬದ್ಧವಾಗಿದ್ದರೆ ಎಲೆಕ್ಟ್ರಾನಿನ ಅಲೆಗೆ ಅಡ್ಡಿಯೇ ಇಲ್ಲ! ಎಷ್ಟು ದೂರವಾದರೂ ಹೋಗುತ್ತದೆ. ತೊಟ್ಟಿಲುಗಳೆಲ್ಲ ಸಮನಾಗಿದ್ದರೆ ಮೊದಲನೆಯದರ ತೂಗಾಟ ಸಾಲುದ್ದಕ್ಕೂ ಸಾಗುವ ಹಾಗೆ. ಅಡ್ಡಿ ಬರುವುದು ಕ್ರಮ ಕೆಟ್ಟಲ್ಲಿ: ನಡುವೆ ಬೇರೆ ಪರಮಾಣು ಸೇರಿಕೊಂಡಲ್ಲಿ, ಇಲ್ಲವೇ ಬಿಸಿಗೆ ಪರಮಾಣುಗಳು ತಮ್ಮ ಜಾಗದಲ್ಲೇ ತೂಗಿ ಸಾಲು ಕದಡಿದಾಗ. ಅಜ್ಜಿ ಗೇಣು ಹಗ್ಗ ಕಡಿಮೆ ಮಾಡಿಸಿದ್ದೂ ಅಂಥದೇ ಅಕ್ರಮ, ಬೇಕೆಂದೇ ಮಾಡಿದ್ದು. ನಮ್ಮ ಮನೆಯ ವೈರಿಂಗಿನ ತಾಮ್ರದಲ್ಲಿ ಎಲೆಕ್ಟ್ರಾನು ಒಂದು ಅಡ್ಡಿಯಿಂದ ಇನ್ನೊಂದಕ್ಕೆ ಸರಾಸರಿ 40 ನ್ಯಾನೋಮೀಟರ್ ಹೋಗುತ್ತದೆ. ಅಂದರೆ ಸುಮಾರು 150 ಪರಮಾಣುಗಳನ್ನು ಮುಟ್ಟದಂತೆ ದಾಟಿರುತ್ತದೆ. ತಂತಿ ಕಾದಷ್ಟೂ ಆ ದೂರ ಕಡಿಮೆ, ರೋಧ ಹೆಚ್ಚು.

ಕಂದರ ಎಲ್ಲಿಂದ ಬರುತ್ತದೆ? ದಾರಿಗಳು ಒಂದಕ್ಕಿಂತ ಹೆಚ್ಚು. ಉಪ್ಪಿನದು ಸುಲಭ. ಉದ್ದ ಹಗ್ಗ, ಗಿಡ್ಡ ಹಗ್ಗ, ಉದ್ದ, ಗಿಡ್ಡ ಎಂದು ತೊಟ್ಟಿಲು ಕಟ್ಟಿ. ಉದ್ದ ಹಗ್ಗದವುಗಳದ್ದು ಒಂದು ನಿಧಾನದ ಪಟ್ಟಿ, ಗಿಡ್ಡ ಹಗ್ಗದವುಗಳದ್ದು ಒಂದು ಚುರುಕಿನ ಪಟ್ಟಿ, ನಡುವೆ ಏನೂ ಇಲ್ಲ. ಕ್ಲೋರಿನ್‌ನದು ಕೆಳಗಿನ ಪಟ್ಟಿ, ಸೋಡಿಯಂನದು ಮೇಲಿನದು. ಎಲೆಕ್ಟ್ರಾನಿನ ಶಕ್ತಿಯ ಅಳತೆಯಲ್ಲಿ ಕಂದರ 8 ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು. ವಜ್ರದ ಕಥೆ ಬೇರೆ. ಅಲ್ಲಿ ಎಲ್ಲವೂ ಇಂಗಾಲವೇ, ಹಗ್ಗ ಎಲ್ಲಕ್ಕೂ ಒಂದೇ. ಆದರೆ ಪಕ್ಕದ ಪರಮಾಣುವಿನ ಜೊತೆಗಿನ ನಂಟು ಎಷ್ಟು ಬಿಗಿಯೆಂದರೆ, ಜೊತೆಯಾಗಿ ತೂಗುವ ಮಟ್ಟವೂ ಎದುರುಬದುರಿನ ಮಟ್ಟವೂ ಬಹುದೂರ ಸಿಡಿದು ಹೋಗುತ್ತವೆ. ಆಮೇಲೆ ಒಂದೊಂದೂ ಹರಡಿ ಪಟ್ಟಿಯಾದರೂ ನಡುವೆ 5.5 ಎಲೆಕ್ಟ್ರಾನ್ ವೋಲ್ಟಿನ ಕಂದರ ಉಳಿದೇಬಿಡುತ್ತದೆ. ಅದೇ ರಂಗೋಲಿಯಲ್ಲಿ ಇಂಗಾಲದ ಬದಲು ಸಿಲಿಕಾನ್ ಇಡಿ. ನೆರೆಯವರ ನಡುವಿನ ಅಂತರ 0.154 ನ್ಯಾನೋಮೀಟರಿನಿಂದ 0.235ಕ್ಕೆ ಹಿಗ್ಗುತ್ತದೆ, ಕಂದರ 1.1ಕ್ಕೆ ಇಳಿಯುತ್ತದೆ. ಜರ್ಮೇನಿಯಂ: 0.245, ಕಂದರ 0.67. ಬೂದು ತವರ: 0.281, ಕಂದರವೇ ಇಲ್ಲ. ರಂಗೋಲಿ ಒಂದೇ, ಚುಕ್ಕಿಗಳ ನಡುವಿನ ದೂರವೂ ಕೂತ ಪರಮಾಣುವೂ ಬದಲಾದಂತೆ ಅವಾಹಕ ಅರೆವಾಹಕವಾಗಿ, ಕೊನೆಗೆ ಕಂದರವೇ ಮುಚ್ಚಿಹೋಯಿತು. ಅತ್ತ ಪರಮಾಣು ಇಂಗಾಲವೇ ಇದ್ದು ರಂಗೋಲಿ ಮಾತ್ರ ಬದಲಾದರೆ ಪೆನ್ಸಿಲ್ ಕಡ್ಡಿಯ ಗ್ರಾಫೈಟ್. ಒಂದು ಸೆಲ್ಲು, ಒಂದು ಟಾರ್ಚ್ ಬಲ್ಬು ಇದ್ದರೆ ಪೆನ್ಸಿಲ್ ಕಡ್ಡಿಯಲ್ಲಿ ಕರೆಂಟು ಹರಿಯುವುದನ್ನು ಮಕ್ಕಳೇ ನೋಡಬಹುದು.

ಕಂದರ ಇದ್ದರೆ ಕರೆಂಟು ಯಾಕೆ ಹರಿಯಬಾರದು? ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಕೆತ್ತಿರುವ ಹುಲಿಕಟ್ಟೆಯ ಆಟ ನೆನೆಸಿಕೊಳ್ಳಿ. ಕಾಯಿ ನಡೆಯಬೇಕಾದರೆ ಪಕ್ಕದ ಮನೆ ಖಾಲಿ ಇರಬೇಕು. ಎಲ್ಲ ಮನೆಗಳಲ್ಲೂ ಕಾಯಿ ಕೂತುಬಿಟ್ಟರೆ ಆಟವೇ ಇಲ್ಲ. ಪೌಲಿಯ ನಿಯಮದಂತೆ ಒಂದು ಮಟ್ಟದಲ್ಲಿ ಎರಡೇ ಎಲೆಕ್ಟ್ರಾನು. ಪಟ್ಟಿ ಭರ್ತಿಯಾಗಿದ್ದರೆ ಬ್ಯಾಟರಿ ಎಷ್ಟು ನೂಕಿದರೂ ಒಟ್ಟಾರೆ ಹರಿವು ಹುಟ್ಟದು. (ಹೋಲಿಕೆ ಇಲ್ಲಿ ಕೊಂಚ ಕುಂಟುತ್ತದೆ: ಹುಲಿಕಟ್ಟೆಯ ಮನೆಗಳು ಜಾಗದಲ್ಲಿವೆ, ಪಟ್ಟಿಯ ಮನೆಗಳು ಶಕ್ತಿ ಮತ್ತು ವೇಗದ ಲೆಕ್ಕದಲ್ಲಿವೆ. ಭರ್ತಿ ಪಟ್ಟಿಯಲ್ಲೂ ಎಲೆಕ್ಟ್ರಾನುಗಳು ಸುಮ್ಮನಿರುವುದಿಲ್ಲ. ಎಡಕ್ಕೆ ಹೋಗುವವು ಎಷ್ಟೋ ಬಲಕ್ಕೂ ಅಷ್ಟೇ, ಅಷ್ಟೆ.) ತಾಮ್ರದ ಹೊರಗಿನ ಪಟ್ಟಿ ಅರ್ಧ ಮಾತ್ರ ತುಂಬಿದೆ, ಆಟ ಸಲೀಸು. 1931ರಲ್ಲಿ ಇಂಗ್ಲೆಂಡಿನ ಆಲನ್ ವಿಲ್ಸನ್ ಈ ಭರ್ತಿ-ಖಾಲಿ ಲೆಕ್ಕದಿಂದಲೇ ಲೋಹ, ಅವಾಹಕ, ಅರೆವಾಹಕ ಎಂದು ಲೋಕದ ಘನವಸ್ತುಗಳನ್ನು ವಿಂಗಡಿಸಿದ.

ಲೆಕ್ಕ ಕೈಕೊಟ್ಟ ಕಡೆಯೂ ಉಂಟು. ನಿಕ್ಕಲ್ ಆಕ್ಸೈಡಿನ ಪಟ್ಟಿ ಪೂರ್ತಿ ತುಂಬಿಲ್ಲ, ಆದ್ದರಿಂದ ಅದು ಲೋಹದಂತೆ ಇರಬೇಕು; ಅದು ಪಕ್ಕಾ ಅವಾಹಕ. ಡಚ್ಚರಾದ ಡಿ ಬೋರ್ ಮತ್ತು ಫೆರ್ವೆ 1937ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುತ್ತವೆ ಎಂಬುದನ್ನು ಸರಳ ಲೆಕ್ಕ ಮರೆತಿತ್ತು. ಇಂಥ ಮೊಂಡು ಆಕ್ಸೈಡುಗಳ ಲೋಕದಲ್ಲೇ ಬೆಂಗಳೂರಿನಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ತಮ್ಮ ಬಹುಪಾಲು ಕೆಲಸ ಮಾಡಿದ್ದು. 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಘನಸ್ಥಿತಿ ರಸಾಯನ ವಿಭಾಗವನ್ನು ಕಟ್ಟಿದರು. ಆ ಕಥೆಗೆ ಬೇರೆ ಅಧ್ಯಾಯವೇ ಬೇಕು.

ಕಾಡಿನ ಅಂಚಿನ ಹೊಲಗಳಲ್ಲಿ ಹಂದಿ ಕಾಟ ತಡೆಯಲು ಸೋಲಾರ್ ಬೇಲಿ ಹಾಕುತ್ತಾರೆ. ಅದರ ಒಂದು ಕಂಬದ ಬಳಿ ನಿಂತರೆ ವಿಲ್ಸನ್‌ನ ವಿಂಗಡಣೆ ಪೂರ್ತಿ ಕಣ್ಣೆದುರಿಗಿದೆ. ಜಿ.ಐ. ತಂತಿ ಲೋಹ. ಅದು ಕಂಬಕ್ಕೆ ತಾಗದಂತೆ ಹಿಡಿದಿರುವ ಇನ್ಸುಲೇಟರ್ ಅವಾಹಕ. ಮೇಲಿನ ನೀಲಿಗಪ್ಪು ಹಲಗೆ ಸಿಲಿಕಾನ್, ಅಂದರೆ ಅರೆವಾಹಕ. ಮೂರನ್ನೂ ಬೇರೆ ಮಾಡುವುದು ಕಂದರದ ಅಗಲ ಮತ್ತು ಭರ್ತಿಯ ಲೆಕ್ಕ.

ಸಿಲಿಕಾನಿನ 1.1 ಎಲೆಕ್ಟ್ರಾನ್ ವೋಲ್ಟಿನ ಕಂದರ ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ. ನಮ್ಮ ಊರಿನ ಸಾಮಾನ್ಯ ಬಿಸಿಯಲ್ಲಿ ಪರಮಾಣುಗಳ ಕುಣಿದಾಟದ ಶಕ್ತಿ ಬರೀ 0.025 ಎಲೆಕ್ಟ್ರಾನ್ ವೋಲ್ಟು. ಅಷ್ಟರಲ್ಲಿ ಕಂದರ ಹಾರುವುದು ಅಪರೂಪ. ಸುಮಾರು 5 ಲಕ್ಷ ಕೋಟಿ ಪರಮಾಣುಗಳಿಗೆ ಒಂದು ಎಲೆಕ್ಟ್ರಾನು ಮಾತ್ರ ಹಾರಿ ಮೇಲಿರುತ್ತದೆ. ಅದು ಬಿಟ್ಟುಹೋದ ಖಾಲಿ ಮನೆಯೂ ಸುಮ್ಮನಿರುವುದಿಲ್ಲ. ಪಕ್ಕದ ಕಾಯಿ ಅಲ್ಲಿಗೆ ಸರಿದರೆ ಖಾಲಿ ಜಾಗ ಇತ್ತ ಸರಿಯುತ್ತದೆ, ಧನ ವಿದ್ಯುತ್ ನಡೆದಂತೆ ಕಾಣುತ್ತದೆ. ಸೋಲಾರ್ ಹಲಗೆ ಮಾಡುವವರು ಈ ಅಪರೂಪವನ್ನು ನೆಚ್ಚಿ ಕೂರುವುದಿಲ್ಲ. 50 ಲಕ್ಷ ಸಿಲಿಕಾನ್ ಪರಮಾಣುಗಳಿಗೆ ಒಂದರಂತೆ ಬೋರಾನ್ ಬೆರೆಸುತ್ತಾರೆ. ಬೋರಾನಿಗೆ ಹೊರಗಿನ ಎಲೆಕ್ಟ್ರಾನು ಒಂದು ಕಡಿಮೆ, ಹಾಗಾಗಿ ಅಷ್ಟು ಖಾಲಿ ಮನೆಗಳು ಸಿದ್ಧ. ಮೇಲ್ಮೈಯಲ್ಲಿ ಒಂದು ಹೆಚ್ಚಿರುವ ರಂಜಕ ಸೇರಿಸುತ್ತಾರೆ. ಎರಡೂ ಸೇರುವ ಗಡಿಯಲ್ಲಿ ಒಂದು ಇಳಿಜಾರು ಹುಟ್ಟುತ್ತದೆ. ಬಿಸಿಲು ಎಲೆಕ್ಟ್ರಾನನ್ನು ಕಂದರ ಹಾರಿಸುತ್ತದೆ, ಇಳಿಜಾರು ಅದನ್ನು ಒಂದು ಕಡೆಗೆ, ಖಾಲಿ ಮನೆಯನ್ನು ಇನ್ನೊಂದು ಕಡೆಗೆ ಜಾರಿಸುತ್ತದೆ. ಹಲಗೆಯ ಒಂದು ಬಿಲ್ಲೆಗೆ (ಸೆಲ್ಲಿಗೆ) ಅರ್ಧ ವೋಲ್ಟಿಗೆ ತುಸು ಮೇಲೆ. ಆದ್ದರಿಂದಲೇ 12 ವೋಲ್ಟ್ ಬ್ಯಾಟರಿಯ ಹಲಗೆಯಲ್ಲಿ 36 ಬಿಲ್ಲೆಗಳನ್ನು ಸಾಲಾಗಿ ಜೋಡಿಸಿರುತ್ತಾರೆ.

ಬೇಸಿಗೆಯಲ್ಲಿ ಹಲಗೆ ಹೆಚ್ಚು ಕರೆಂಟು ಕೊಡಬೇಕು ಎಂದು ಹಲವರ ಎಣಿಕೆ. ಬಿಸಿಲು ಬೇಕು, ಬಿಸಿ ಬೇಡ. ಕಾದಷ್ಟೂ ಕಂದರ ಕೊಂಚ ಕಿರಿದಾಗುತ್ತದೆ, ಹಾರಿದವು ಬೇಗ ಮರಳಿ ಬೀಳುತ್ತವೆ, ವೋಲ್ಟು ಇಳಿಯುತ್ತದೆ; ಡಿಗ್ರಿಗೆ ಸುಮಾರು ಶೇ. 0.4ರಷ್ಟು ನಷ್ಟ. ನವಲಗುಂದದ ಏಪ್ರಿಲ್ ಮಧ್ಯಾಹ್ನ ಹಲಗೆಯ ಮೈ 65 ಡಿಗ್ರಿಗೆ ಕಾದರೆ, 25 ಡಿಗ್ರಿಯಲ್ಲಿ ಅಳೆದು ಚೀಟಿ ಅಂಟಿಸಿದ ಸಾಮರ್ಥ್ಯದಲ್ಲಿ ಶೇ. 16 ಹೋಯಿತು. ಮಳೆಗಾಲ ಮುಗಿದ ತಂಪು ಗಾಳಿಯ ತಿಳಿ ಬಿಸಿಲೇ ಸಿಲಿಕಾನಿಗೆ ಹಿತ. ಇನ್ನೊಂದು ನಷ್ಟ ತಪ್ಪಿಸುವಂತಿಲ್ಲ. ನೀಲಿ ಬೆಳಕಿನ ಒಂದು ಕಣದಲ್ಲಿ 2.7 ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು ಶಕ್ತಿಯಿದೆ. ಕಂದರಕ್ಕೆ ಬೇಕಾದ 1.1 ಕಳೆದು ಉಳಿದದ್ದು ಬಿಸಿಯಾಗಿ ಸೋರುತ್ತದೆ. 1.1ಕ್ಕಿಂತ ಕಡಿಮೆಯ ಅವಕೆಂಪು ಬೆಳಕಂತೂ ಹಾರಿಸಲಾರದೆ ವ್ಯರ್ಥ. ಮುಖ್ಯವಾಗಿ ಈ ಎರಡು ಕಡೆಯ ಸೋರಿಕೆಯಿಂದಾಗಿ ಒಂದೇ ಕಂದರದ ಬಿಲ್ಲೆ ಬಿಸಿಲಿನ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಕರೆಂಟು ಮಾಡಲಾರದು ಎಂದು 1961ರಲ್ಲಿ ಶಾಕ್ಲಿ ಮತ್ತು ಕ್ವೈಸರ್ ತೋರಿಸಿದರು.

ಕೊನೆಗೆ ತೊಟ್ಟಿಲಿನ ಬಣ್ಣ. ಕಣ್ಣಿಗೆ ಕಾಣುವ ಬೆಳಕಿನ ಶಕ್ತಿ ಕೆಂಪಿನಲ್ಲಿ 1.7ರ ಆಸುಪಾಸಿನಿಂದ ನೇರಳೆಯಲ್ಲಿ 3.1 ಎಲೆಕ್ಟ್ರಾನ್ ವೋಲ್ಟಿನವರೆಗೆ. ಕಂದರ 3.1ಕ್ಕಿಂತ ದೊಡ್ಡದಿದ್ದರೆ ಯಾವ ಬಣ್ಣದ ಬೆಳಕೂ ಎಲೆಕ್ಟ್ರಾನನ್ನು ಹಾರಿಸಲಾರದು, ಎಲ್ಲ ಬೆಳಕೂ ಹಾದುಹೋಗುತ್ತದೆ. ವಜ್ರ ತಿಳಿಯಾಗಿ ಕಾಣುವುದು ಇದರಿಂದ. ಉಪ್ಪಿನ ಹರಳೂ ನಿಜಕ್ಕೆ ತಿಳಿಯೇ. ಪುಡಿಯಾದಾಗ ಸಾವಿರ ಮೈಗಳಿಂದ ಬೆಳಕು ಚೆದುರಿ ಬಿಳುಪಾಗಿ ತೋರುತ್ತದೆ. ಇಂದಿನ ಬಿಳಿ ಪೇಂಟಿನ ಟೈಟಾನಿಯಂ ಡೈಆಕ್ಸೈಡಿನ ಕಂದರ 3ರ ಮೇಲೆ, ಅದೂ ಬಿಳಿ. ಹಳೆಯ ಚಿತ್ರಕಾರರ ಬಣ್ಣದ ಪೆಟ್ಟಿಗೆಯ ಹರಿದಳದ ಕಂದರ ಸುಮಾರು 2.5: ನೀಲಿ, ನೇರಳೆಯನ್ನು ನುಂಗಿ ಉಳಿದದ್ದನ್ನು ಬಿಡುತ್ತದೆ, ಆದ್ದರಿಂದ ಹಳದಿ. ಇಂಗಳೀಕದ ಕಂದರ ಸುಮಾರು 2: ಹಸಿರು, ಹಳದಿಯನ್ನೂ ನುಂಗುತ್ತದೆ, ಉಳಿಯುವುದು ಕೆಂಪೊಂದೇ. ಸಿಲಿಕಾನಿನಂತೆ ಕಂದರ 1.7ಕ್ಕಿಂತ ಕಿರಿದಾದರೆ ಎಲ್ಲವನ್ನೂ ನುಂಗಿ ಕಪ್ಪು.

ಬಿಳಿ, ಹಳದಿ, ಕಿತ್ತಳೆ, ಕೆಂಪು, ಕಪ್ಪು. ಕಂದರ ಕಿರಿದಾದಂತೆ ಬಣ್ಣ ಈ ಕ್ರಮದಲ್ಲೇ ನಡೆಯುತ್ತದೆ, ಎಲ್ಲೂ ಮುರಿಯುವುದಿಲ್ಲ. ಈ ಸಾಲಿನಲ್ಲಿ ನೀಲಿ ಇಲ್ಲ. ನೀಲಿ ಬರಬೇಕಾದರೆ ಕಡಿಮೆ ಶಕ್ತಿಯ ಕೆಂಪನ್ನು ನುಂಗಿ ಹೆಚ್ಚು ಶಕ್ತಿಯ ನೀಲಿಯನ್ನು ಬಿಡಬೇಕು. ಸಣ್ಣ ಹಳ್ಳ ಹಾರಿದ ಎಲೆಕ್ಟ್ರಾನಿಗೆ ಅಷ್ಟೇ ಹಳ್ಳವನ್ನು ಹೆಚ್ಚು ಬಲದಿಂದ ಹಾರಬೇಡ ಎನ್ನಲು ಕಂದರಕ್ಕೆ ಸಾಧ್ಯವಿಲ್ಲ. ತೊಟ್ಟಿಲಿಗೆ ಮೆರುಗು ಕೊಡುವ ಅರಗಿನ ಕೆಂಪು, ಬಟ್ಟೆಗೆ ಹಾಕುವ ನೀಲಿಯ ಗಿಡದ ಬಣ್ಣ ಇವೆಲ್ಲ ಬಿಡಿ ಅಣುಗಳ ಕೆಲಸ, ಅವಕ್ಕೆ ಜಾಲಕ ಬೇಕಿಲ್ಲ. ಮೈಲುತುತ್ತದ ನೀಲಿ ಕೂಡ ಜಾಲಕದ್ದಲ್ಲ. ಒಂದೊಂದು ತಾಮ್ರವೂ ತನ್ನ ಸುತ್ತಲಿನ ನೀರಿನ ಅಣುಗಳ ಜೊತೆ ಸೇರಿ ಒಂಟಿಯಾಗಿ ಮಾಡುವ ಬಣ್ಣ ಅದು. ಆ ಪಡಸಾಲೆಯ ಹಳೆಯ ತೊಟ್ಟಿಲಿನ ಮೇಲೆ ಬೆಣ್ಣೆ ಕದಿಯುತ್ತಿದ್ದ ಕೃಷ್ಣನ ಪಂಚೆಯ ಹಳದಿಯನ್ನು, ಅಂಚಿನ ಕೆಂಪನ್ನು ಕಂದರದಿಂದ ಪಡೆಯಬಹುದು. ಮೈಬಣ್ಣಕ್ಕೆ ಬೇರೆ ಅಂಗಡಿಗೇ ಹೋಗಬೇಕು.